ನಾಗಪತಿ ಭಾವನ ಮಡಿ ಮತ್ತು ಮೀನಿನ ಮದ್ದು

“ಆಯಿ, ನಾಗಪತಿ ದೊಡ್ಡಪ್ಪನ ಮೈಯೊಳಗೆ ಮೀನು ಇದ್ದಡ, ಹೌದನೇ?”

ಮಗಳು ಇದನ್ನು ಅಡುಗೆಮನೆಯಲ್ಲಿ ಕೇಳಿದ್ದರೆ ಜಯಾ ನಕ್ಕುಬಿಡುತ್ತಿದ್ದಳು. ಕೇಳಿದ್ದು ಜಗಲಿಯಲ್ಲಿ, ಅವಳ ಅಕ್ಕನ ಗಂಡ, ಸಾಕ್ಷಾತ್ ನಾಗಪತಿ ಭಾವ, ಕವಳ ಹಾಕುತ್ತ ಕೂತಿದ್ದಾಗ. ಸುಣ್ಣ ಹಚ್ಚುತ್ತಿದ್ದ ಅವನ ಬೆರಳು ಎಲೆಯ ಮೇಲೇ ನಿಂತಿತು.

ಹೆಗಡೆಕಟ್ಟಾ ಸುತ್ತಿನಲ್ಲಿ ನಾಗಪತಿ ದೊಡ್ಡ ಅಡುಗೆಭಟ್ಟ. ಅವನ ಸಾರಿಗಿಂತ ಅವನ ಮಡಿಯೇ ಹೆಚ್ಚು ಪ್ರಸಿದ್ಧ. ಶಿರಸಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನೀರೂ ಕುಡಿಯ. ಒಣಮೀನು ಮಾರುವ ಹೊನ್ನಿ ಮನೆಯೆದುರು ಹಾದರೆ ಗಾಳಿ ಮೈಲಿಗೆಯೆಂದು ಅವಳನ್ನು ಹಳ್ಳದ ದಾರಿಗೆ ಅಟ್ಟಿದ್ದ. ಅವಳು ಬುಟ್ಟಿ ಹೊತ್ತು ಹಳ್ಳ ಇಳಿದು ಹತ್ತುವಳು. ಗಾಳಿ ಮಾತ್ರ ಮೇಲಿನ ದಾರಿಯಲ್ಲೇ ಬರುತ್ತಿತ್ತು. ಅದಕ್ಕೆ ಭಾವನ ಅಪ್ಪಣೆ ತಲುಪಿರಲಿಲ್ಲ.

ಇಷ್ಟು ಶುದ್ಧವಾದ ದೇಹದೊಳಗೆ, ಹುಡುಗನಿದ್ದಾಗ ಬಂದ ಕೀಲುಜ್ವರವೊಂದು ಹೃದಯದ ಬಾಗಿಲನ್ನೇ ಕೆಡಿಸಿಟ್ಟಿತ್ತು. ನಲವತ್ತು ದಾಟಿದ ಮೇಲೆ ಒಲೆಯಿಂದ ಬಾವಿಗೆ ಹೋದರೂ ಏದುಸಿರು. ಅರವತ್ತೇಳನೇ ಇಸವಿಯಲ್ಲಿ ಜಯಾಳ ಗಂಡ ಕಮಲಾಕರ ಅವನನ್ನು ಮುಂಬಯಿಯ ಆಸ್ಪತ್ರೆಗೆ ಕರೆದೊಯ್ದ. ಕಮಲಾಕರನಿಗೆ ಮರಾಠಿ ಬರುತ್ತಿತ್ತು.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಬಾಗಿಲು ರಿಪೇರಿಯಾಗುವ ತನಕ ಹೃದಯದ ಕೆಲಸ ಯಂತ್ರದ್ದು. ಯಂತ್ರದ ನಳಿಗೆಯಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಒಂದು ಮದ್ದು. ಕೆಲಸ ಮುಗಿದ ಮೇಲೆ ಆ ಮದ್ದನ್ನು ಮುರಿಯಲು ಇನ್ನೊಂದು. ಇಲ್ಲದಿದ್ದರೆ ಹೊಲಿದಲ್ಲೆಲ್ಲ ಸೋರಿಕೆ.

“ಎಂತರಿಂದ ಮಾಡಿದ ಮದ್ದು, ಕೇಳು” ಎಂದ ನಾಗಪತಿ. ಜೀವಕ್ಕಿಂತ ಪಾಕವಿಧಾನ ಮುಖ್ಯ.

ಮೊದಲನೆಯದು ಪ್ರಾಣಿಯ ಶ್ವಾಸಕೋಶದ್ದು. ಯಾವ ಪ್ರಾಣಿ ಎಂಬುದನ್ನು ಕಮಲಾಕರ ಕನ್ನಡಕ್ಕೆ ತರಲಿಲ್ಲ. ಎರಡನೆಯದು ಮೀನಿನದು ಎನ್ನುವುದು ಬಾಯಿತಪ್ಪಿ ಬಂದುಬಿಟ್ಟಿತು.

“ಎರಡನೇದು ಬ್ಯಾಡ! ರಕ್ತ ನಿಲ್ಸಲೆ ಅರಿಶಿನ ಇದ್ದಲಾ. ಈಳಿಗೆ ತಾಗಿದ್ರೆ ಆನು ಅದನ್ನೇ ಒತ್ತದು.”

“ಭಾವ, ಹೃದಯ ಹಾಗಲಕಾಯಿ ಅಲ್ಲ ಮಾರಾಯಾ!”

ನಾಗಪತಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. “ಆನು ನಿದ್ದೆ ಮಾಡಿದ ಮೇಲೆ ಎಂತ ಬೇಕಾರೂ ಮಾಡ್ಲಿ. ಯಂಗೆ ಹೇಳದು ಬ್ಯಾಡ.” ನಿದ್ದೆಯಲ್ಲಿ ಆದದ್ದಕ್ಕೆ ದೋಷವಿಲ್ಲವೆಂಬ ಹೊಸ ಶಾಸ್ತ್ರ ಆ ಹಾಸಿಗೆಯ ಮೇಲೆ ಹುಟ್ಟಿತು.

ಆದರೆ ರಕ್ತಕ್ಕೆ ಶಾಸ್ತ್ರ ಗೊತ್ತಿರಬೇಕಲ್ಲ! ಆಪರೇಶನ್ ಮುಗಿದು ಅವನು ಕಣ್ಣುಬಿಟ್ಟ ಮೇಲೂ ಎದೆಯಿಂದ ಇಳಿಬಿಟ್ಟ ನಳಿಗೆಯ ಬಾಟಲಿ ತುಂಬುತ್ತಲೇ ಇತ್ತು. ಮೊದಲ ಮದ್ದು ಮತ್ತೆ ತಲೆಯೆತ್ತಿದೆ, ಮೀನಿನದನ್ನು ಇನ್ನಷ್ಟು ಕೊಡಬೇಕು ಎಂದರು ಡಾಕ್ಟರು. ಕಮಲಾಕರ ಅಳುಕುತ್ತ ಭಾವನ ಮುಖ ನೋಡಿದ. ಈಗ ಭಾವನಿಗೆ ಪೂರ್ತಿ ಎಚ್ಚರವಿತ್ತು.

“ಹಾಕ್ಲಿ” ಎಂದ ನಾಗಪತಿ, ಕೇಳಿಯೂ ಕೇಳದ ದನಿಯಲ್ಲಿ. “ಕೈ ಬಿಗಿ ಹಿಡಿದು ಬಡಿಸದು ಬ್ಯಾಡ ಹೇಳು.”

ಸೋರಿಕೆ ನಿಂತಿತು. ಮಡಿಭಟ್ಟ ಊರಿಗೆ ಮರಳಿದ. ಬಸ್ ಸ್ಟ್ಯಾಂಡಿನ ನೀರನ್ನು ಈಗಲೂ ಮುಟ್ಟುವುದಿಲ್ಲ.

ಜಗಲಿಯಿಂದ ಜಯಾ ಮಗಳನ್ನು ಒಳಗೆ ಕಳಿಸಿದಳು. ಮುಂದಿನ ವಾರ ವಾನಳ್ಳಿಯಲ್ಲಿ ಉಪನಯನ. ಕಾಯಿಲೆಯಿಂದ ಎದ್ದ ಮೇಲೆ ಭಾವನ ಮೊದಲ ಅಡುಗೆ. ಮೀನಿನ ಸುದ್ದಿ ಅಲ್ಲಿಗೆ ಮುಟ್ಟಿದರೆ ಅವನ ಸೌಟು ಹೋದಂತೆಯೇ.

“ಹೆದರಡ ಭಾವ. ಆನು ಯಾರಿಗೂ ಹೇಳ್ತ್ನಿಲ್ಲೆ. ಕೂಸಿನ ಬಾಯಿಗೂ ಬೀಗ ಹಾಕ್ತೆ.”

ನಾಗಪತಿ ಅಂಗಳದಾಚೆ ನೋಡುತ್ತಿದ್ದ. ಹಳ್ಳದ ಏರಿನಲ್ಲಿ ಹೊನ್ನಿ ಬುಟ್ಟಿ ಇಳಿಸಿ, ಎದೆ ಹಿಡಿದು ಉಸಿರು ತಿರುಗಿಸಿಕೊಳ್ಳುತ್ತಿದ್ದಳು. ಆ ಏದುಸಿರು ಅವನಿಗೆ ಗುರುತಿನದು.

“ಜಯಾ, ಒಂದು ಉಪಕಾರ ಆಗಕಾತು” ಎಂದ, ಕವಳವನ್ನು ದವಡೆಗೆ ಒತ್ತಿ. “ಹೊನ್ನಿಗೆ ಹೇಳು, ನಾಳೆಯಿಂದ ಮೇಲಿನ ದಾರೀಲೇ ಬರ್ಲಿ. ಬುಟ್ಟಿಗೆ ಬಾಳೆಲೆ ಮುಚ್ಕಳ್ಳಲಿ, ಮತ್ತೆ. ಯನ್ನ ಹೆಸರು ಮಾತ್ರ ಹೇಳದು ಬ್ಯಾಡ.”