ಹೊನ್ನಾಳಿಯಲ್ಲಿ ಸುಮಾಳಿಗೊಂದು ಕೋಣೆ

ಹೊನ್ನಾಳಿಯ ಬಾಡಿಗೆ ಮನೆಗೆ ಸಾಮಾನು ಇಳಿಸಿದ ದಿನವೇ ಹಿಂದಿನ ಕೋಣೆಯ ಗೋಡೆಯಲ್ಲೊಂದು ಬಿರುಕು ಕಂಡಿತು. ನನ್ನ ಕಿರುಬೆರಳು ಅದರೊಳಗೆ ಸಲೀಸಾಗಿ ಹೋಯಿತು. ಗಾಬರಿಯಾಗಿ, ಮುಂಭಾಗದಲ್ಲೇ ವಾಸವಿದ್ದ ಮನೆಯೊಡತಿ ಗಿರಿಜಮ್ಮನವರನ್ನು ಕರೆದೆ.

"ಅದು ಬ್ಯಾಸಿಗ್ಯಾಗೆ ಬಾಯಿ ತೆರೀತೈತೆ, ಮಳೆಗಾಲದಾಗೆ ಮುಚ್ಕಂತೈತೆ. ಎರೆ ನೆಲ ನೋಡ್ರಿ ಮೇಡಂ" ಅಂದರು ಅವರು, ಹಳೆಯ ಪರಿಚಯದವರ ಸುದ್ದಿ ಹೇಳುವಂತೆ.

ಎರೆ ಅಂದರೆ ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ನಮ್ಮ ಕುಮಟೆಯಲ್ಲಿ ಚಿರೇಕಲ್ಲಿನ ಗೋಡೆಗೆ ಪಾಚಿ ಹಿಡಿದೀತು, ಆದರೆ ಕಾಲ ಕೆಳಗಿನ ನೆಲ ಹೀಗೆ ಅಲುಗಿದ್ದನ್ನು ನಾನು ಕಂಡಿರಲಿಲ್ಲ.

ಕಾಲೇಜಿನ ಗ್ರಂಥಾಲಯಕ್ಕೆ ವರ್ಗವಾಗಿ ಬಂದವಳು ನಾನು, ಒಬ್ಬಳೇ. ಆ ಕೋಣೆ ವರ್ಷವಿಡೀ ಖಾಲಿ ಬಿದ್ದಿತ್ತು. ಅದನ್ನು ತಂಗಿ ಸುಮಾಳಿಗಾಗಿ ಸಜ್ಜು ಮಾಡಬೇಕೆಂದು ಹೊರಟಿದ್ದು ಎರಡನೆಯ ವರ್ಷದ ಚಳಿಗಾಲದಲ್ಲಿ. ಸ್ಕೂಟರ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ಸುಮಾ ಗಾಲಿಕುರ್ಚಿಯಲ್ಲಿದ್ದಳು. ಕುಮಟೆಯಲ್ಲಿ ಅಣ್ಣ ಅತ್ತಿಗೆ ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೆ ಅವಳ ಮಂಚ ನಡುಮನೆಯಲ್ಲಿತ್ತು. ಬಟ್ಟೆ ಬದಲಾಯಿಸಬೇಕೆಂದರೆ ಎಲ್ಲರೂ ಎದ್ದು ಹೊರಗೆ ಹೋಗಬೇಕು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಡುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ನಾವು ಮೇಸ್ತ್ರಿ ಎನ್ನುವವರನ್ನು ಇಲ್ಲಿ ಗೌಂಡಿ ಎನ್ನುತ್ತಾರೆ. ಇಬ್ಬರು ಗೌಂಡಿಗಳು ಬಂದು ನೋಡಿ, ಇಷ್ಟು ಸಣ್ಣ ಕೆಲಸಕ್ಕೆ ಮತ್ತೆ ತಿರುಗಿ ಬರಲಿಲ್ಲ. ಕೊನೆಗೆ ಕರಣೆ, ಸಿಮೆಂಟು, ಬಣ್ಣ ತಂದು ನಾನೇ ಕೂತೆ. ಮೊಬೈಲಿನಲ್ಲಿ ನೋಡಿ ಬಿರುಕು ತುಂಬಿದೆ. ವಾರದೊಳಗೆ ಅದು ಕೂದಲೆಳೆಯಷ್ಟು ಮತ್ತೆ ತೆರೆಯಿತು. ಮತ್ತೆ ತುಂಬಿದೆ. ಗೋಡೆಗೆ ಬಳಿದ ತಿಳಿನೀಲಿ ಬಣ್ಣ ಮಾತ್ರ ಚೆನ್ನಾಗಿ ಬಂತು. ಆ ಸಂಜೆ ಪೇಟೆಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದೆ.

ತೊಡಕಾಗಿದ್ದು ಹೊಸ್ತಿಲು. ಕೋಣೆಯ ಬಾಗಿಲಿಗೆ ಗೇಣುದ್ದಕ್ಕೆ ಸ್ವಲ್ಪ ಕಡಿಮೆ ಎತ್ತರದ ತೇಗದ ಹೊಸ್ತಿಲಿತ್ತು. ತೆಗೆಸಲೇ ಎಂದು ಕೇಳಿದೆ. ಗಿರಿಜಮ್ಮ ಬಗ್ಗಿ ಹೊಸ್ತಿಲನ್ನು ಕೈಯಿಂದ ಮುಟ್ಟಿದರು.

"ನಮ್ಮತ್ತೆ ಇದ್ದಾಗ ಅದು ದೇವರ ಕ್ವಾಣಿ ಮೇಡಂ. ದಿನಾ ಇಬತ್ತಿ ಹಚ್ಚಿದ ಹೊಸ್ತಿಲು. ಅದನ್ನ ಹೆಂಗ್ ಕೀಳಾಕೆ ಹೇಳ್ಲಿ? ಬ್ಯಾರೆ ಏನಾರ ಮಾಡ್ರಿ."

ಒತ್ತಾಯಿಸಲು ನನಗೆ ಯಾವ ಹಕ್ಕಿತ್ತು? ಹೊಸ್ತಿಲಿನ ಎರಡೂ ಬದಿಗೆ ಸಿಮೆಂಟಿನ ಇಳಿಜಾರು ಕಟ್ಟಿದೆ. ಜಾಗ ಸಾಲದೆ ಅದು ಕಡಿದಾಯಿತು. ಆದರೂ ಒಂದು ಚೀಲ ಅಕ್ಕಿಯನ್ನು ಕುರ್ಚಿಯ ಮೇಲಿಟ್ಟು ತಳ್ಳಿ ನೋಡಿ, ಸಾಕು ಎಂದುಕೊಂಡೆ.

ಸುಮಾ ಬಂದಳು. ನೀಲಿ ಗೋಡೆಯನ್ನು ಕೈಯಿಂದ ಸವರಿದಳು. ಬಾಗಿಲು ಹಾಕಿಕೊಂಡು ಒಬ್ಬಳೇ ಒಂದು ಗಂಟೆ ಒಳಗಿದ್ದಳು. ಆಮೇಲೆ ನನ್ನನ್ನು ಕೂಗಿದಳು. ನಾನು ಹಿಂದಿನಿಂದ ದೂಡದೆ ಕುರ್ಚಿ ಆ ಇಳಿಜಾರು ಹತ್ತುತ್ತಿರಲಿಲ್ಲ.

ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಮೊದಲು ಅವಳು ಕೋಣೆಯಲ್ಲಿರಬೇಕೋ ಹೊರಗಿರಬೇಕೋ ತೀರ್ಮಾನಿಸಬೇಕಿತ್ತು. ನಾಲ್ಕನೆಯ ದಿನ ಒಬ್ಬಳೇ ಹತ್ತಲು ಹೋಗಿ ಕುರ್ಚಿ ಹಿಂದಕ್ಕೆ ಉರುಳಿತು. ನಾನು ಸಂಜೆ ಬಂದಾಗ ನೆಲದ ಮೇಲಿದ್ದಳು. ಅಂದು ಗಿರಿಜಮ್ಮ ಮದುವೆಗೆಂದು ಚನ್ನಗಿರಿಗೆ ಹೋಗಿದ್ದರು. ಅವಳ ಕೂಗು ಯಾರಿಗೂ ಕೇಳಿರಲಿಲ್ಲ. ಮೊಣಕೈ ತರಚಿತ್ತು, ಬಟ್ಟೆ ಒದ್ದೆಯಾಗಿತ್ತು. ನಾನು ಅತ್ತೆ, ಅವಳು ಅಳಲಿಲ್ಲ.

"ಕೋಣೆ ಚಂದ ಇದ್ದು ಅಕ್ಕಾ. ಒಳಗೆ ಬರೂಕೂ ಹೊರಗೆ ಹೋಗೂಕೂ ನಿನ್ನನ್ನೇ ಕರೀಬೇಕು. ಊರಲ್ಲಾದ್ರೆ ಜಗಲಿಗೆ ನಾನೇ ಹೋಗ್ತೆ."

ಅವಳಿಗಾಗಿ ಸೂಳೆಕೆರೆಯ ಮೀನು ತಂದು ಸಾರು ಮಾಡಿದೆ. ಮಣ್ಣಿನ ವಾಸನೆ ಎಂದು ಅರ್ಧಕ್ಕೇ ಬಿಟ್ಟಳು. ನನಗೆ ಆ ವಾಸನೆ ತಿಳಿಯಲಿಲ್ಲ, ಯಾವಾಗಲೋ ರೂಢಿಯಾಗಿಬಿಟ್ಟಿತ್ತು. ಹನ್ನೆರಡನೆಯ ದಿನ ಅಣ್ಣ ಬಂದು ಅವಳನ್ನು ಕರೆದೊಯ್ದ.

ಮರುವಾರ ಗಿರಿಜಮ್ಮ ಬಡಗಿಯನ್ನು ಕರೆಸಿ, ತಾವೇ ನಿಂತು ಹೊಸ್ತಿಲು ಕೊಯ್ಯಿಸಿದರು. ಕೊಯ್ಯುವ ಮೊದಲು ಅದಕ್ಕೆ ನೀರು ಹಾಕಿ ತೊಳೆದು, ವಿಭೂತಿ ಹಚ್ಚಿ ಕೈಮುಗಿದರು.

"ತಂಗೀನ ಬರಾಕೆ ಹೇಳ್ರಿ" ಅಂದರು, ನನ್ನ ಮುಖ ನೋಡದೆ.

ಫೋನಿನಲ್ಲಿ ಹೇಳಿದೆ. "ಈಗ ಬೇಡ ಅಕ್ಕಾ, ನೀನೇ ಬಾ" ಅಂದಳು ಸುಮಾ. ಆ ಬೇಡದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಮಾಧಾನ ಮಾಡಬಹುದಿತ್ತು.

ರಜೆಯಲ್ಲಿ ಕುಮಟೆಗೆ ಹೋದೆ. ನಡುಮನೆಯಲ್ಲಿ ಅವಳ ಮಂಚದ ಪಕ್ಕ ಚಾಪೆ ಹಾಸಿ ಮಲಗಿದೆ, ಹಗಲೆಲ್ಲ ಜಗಲಿಯಲ್ಲಿ ಅವಳೊಂದಿಗೆ ಕೂತೆ. ಕೊನೆಯ ದಿನ ಊಟಕ್ಕೆ ಕೂತಾಗ, "ನಾಳೆ ಬೆಳಿಗ್ಗೆ ಬೇಗ ಮನೆಗೆ ಹೊರಡಬೇಕು" ಅಂದೆ. ಬಡಿಸುತ್ತಿದ್ದ ಅತ್ತಿಗೆಯ ಕೈ ಒಂದು ಕ್ಷಣ ನಿಂತಿತು. ಸುಮಾ ತಲೆಯೆತ್ತಿ ನನ್ನನ್ನು ನೋಡಿದಳು. ಹೊನ್ನಾಳಿಯನ್ನು ಮನೆ ಅಂದುಬಿಟ್ಟಿದ್ದೆ. ತಪ್ಪಾಯಿತೆಂದು ಮಾತು ತಿದ್ದಿಕೊಳ್ಳಲು ಹೊರಟೆ. ಏನೆಂದು ತಿದ್ದಬೇಕೋ ತೋಚಲಿಲ್ಲ.