ಕನಸು ಪಾಪವಲ್ಲವಂತೆ

ನಮ್ಮ ಚರ್ಚಿಗೆ ಬಂದ ಹೊಸ ಫಾದರ್ ಪರದೇಶದಲ್ಲಿ ಮನೋವಿಶ್ಲೇಷಣೆ ಕಲಿತವರು. ಪಾಪನಿವೇದನೆಯ ಜಾಗದ ಪಕ್ಕದ ಕೋಣೆಯಲ್ಲೇ ಎರಡು ಕುರ್ಚಿ ಹಾಕಿಸಿ, ಬುಧವಾರ ಸಂಜೆ ಜನರ ಮಾತು ಕೇಳುತ್ತಿದ್ದರು. ಲಕ್ವ ಹೊಡೆದ ಅಮ್ಮನನ್ನು ಜೋಗುಪಾಳ್ಯದ ಪುಟ್ಟ ಮನೆಯಲ್ಲಿ ಒಬ್ಬಳೇ ನೋಡಿಕೊಂಡು ನಿದ್ದೆಗೆಟ್ಟಿದ್ದ ನಾನೂ ಹೋದೆ.

"ಪಾಪ ಯಾವುದು, ಯಾವುದಲ್ಲ ಅಂತ ಆರಿಸೋಕೆ ಹೋಗ್ಬೇಡಿ. ಮನಸ್ಸಿಗೆ ಬಂದಿದ್ದು ಹೇಳ್ತಾ ಹೋಗಿ," ಎಂದರು.

ಚಿಕ್ಕಂದಿನಿಂದ ನಾನು ಮಾಡಿದ್ದೇ ಆರಿಸುವ ಕೆಲಸ. ಸಿಟ್ಟು, ಸುಳ್ಳು, ತಪ್ಪಿಸಿದ ಭಾನುವಾರದ ಪೂಜೆ, ಇಷ್ಟನ್ನು ಮೊಣಕಾಲೂರಿ ಒಪ್ಪಿಸಿ, ಕೊಟ್ಟ ಜಪ ಹೇಳಿ ಎದ್ದುಬರುವುದು. ಆರಿಸದೆ ಮಾತಾಡುವುದು ಎಷ್ಟು ಸುಖವೆಂದು ಅಂದೇ ತಿಳಿದದ್ದು. ಅಭ್ಯಾಸಬಲದಿಂದ ಮೊದಲು ಶಿಲುಬೆಯ ಗುರುತು ಹಾಕಿಕೊಂಡೆ, ಅವರು ಬೇಡವೆನ್ನಲಿಲ್ಲ. ದೇವರಿಗೂ ಹೇಳದಿದ್ದ ಕನಸನ್ನು ಅವರಿಗೆ ಹೇಳಿದೆ. ಕನಸಿನಲ್ಲಿ ಅಮ್ಮ ತೀರಿಕೊಂಡಿದ್ದಳು. ನಾನು ರಸೆಲ್ ಮಾರುಕಟ್ಟೆಯಲ್ಲಿ ಹೆಣದ ಹೂವಿಗೆ ಚೌಕಾಸಿ ಮಾಡುತ್ತಿದ್ದೆ, ಖುಷಿಯಾಗಿದ್ದೆ. ಹೇಳಿ ಅತ್ತುಬಿಟ್ಟೆ.

ಮರುವಾರ ಕಲ್ಯಾಣ ನಗರದಿಂದ ಅಣ್ಣ ಕಾರು ತಂದ.

"ಅಮ್ಮ ಸತ್ತಂಗೆ ಕನಸು ಕಂಡು ಖುಷಿಪಟ್ಯಂತೆ. ಫಾದರ್ ಎಲ್ಲಾ ಹೇಳಿದ್ರು. ನಿನ್ನ ಹತ್ರ ಬಿಡೋದು ಸೇಫ್ ಅಲ್ವಂತೆ," ಎಂದ. ಮಂಚದ ಮೇಲಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

ನಾನು ಚರ್ಚಿಗೆ ಓಡಿದೆ. "ನಿವೇದನೇಲಿ ಹೇಳಿದ್ದನ್ನ ಪ್ರಾಣ ಹೋದ್ರೂ ಹೊರಗೆ ಹೇಳೋ ಹಾಗಿಲ್ಲ, ಅಲ್ವಾ ಫಾದರ್?"

"ಅದು ನಿವೇದನೆ ಅಲ್ವಲ್ಲಮ್ಮ," ಎಂದರು ತಣ್ಣಗೆ. ನಿವೇದನೆ ಕೇಳುವಾಗ ಕೊರಳಿಗೆ ಹಾಕುವ ನೇರಳೆ ಪಟ್ಟಿ ಗೋಡೆಯ ಮೊಳೆಯಲ್ಲಿತ್ತು, ಅದನ್ನೇ ತೋರಿಸಿದರು. "ಅವತ್ತು ಇದನ್ನ ಹಾಕಿರ್ಲಿಲ್ಲ. ಕನಸು ಪಾಪಾನೂ ಅಲ್ಲ. ಆದ್ರೆ ಅದು ಮನಸ್ಸಿನ ಆಳದ ಆಸೆ. ಅಮ್ಮನ ವಿಷಯದಲ್ಲಿ ನನಗೂ ಜವಾಬ್ದಾರಿ ಇದೆ."

ಪಾಪವಲ್ಲದ್ದಕ್ಕೆ ಕ್ಷಮೆಯೂ ಇಲ್ಲ, ಗುಟ್ಟೂ ಇಲ್ಲ. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ. ಕನಸಿಗೆ ಅರ್ಥ ಹೇಳುವ ಜಾಣತನ ಪರದೇಶದ್ದಿರಬಹುದು, ಚಾಡಿ ಮಾತ್ರ ನಮ್ಮ ಬೀದಿಯದ್ದೇ. ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮನೆಗೆ ಬಂದಾಗ ಅಮ್ಮನನ್ನು ಕಾರಿನಲ್ಲಿ ಕೂರಿಸಿಯಾಗಿತ್ತು. ಸೆರಗು ಬಾಗಿಲಿಗೆ ಸಿಕ್ಕದಂತೆ ಒಳಗೆ ಸೇರಿಸಿದೆ. ಅವಳು ನನ್ನ ಕೈ ಹಿಡಿದುಕೊಂಡು ತೊದಲುತ್ತ ಕೇಳಿದಳು: "ಕನಸಲ್ಲಿ ನನ್ಗೆ ಯಾವ ಸೀರೆ ಉಡ್ಸಿದ್ದೆ?"

ಕನಸಿನಲ್ಲಿ ನಾನು ಅವಳ ಕಡೆ ನೋಡಿಯೇ ಇರಲಿಲ್ಲ.

"ನಿನ್ನ ಮದುವೇದು," ಎಂದೆ.

ಆ ಸುಳ್ಳನ್ನು ಈವರೆಗೆ ಯಾರಿಗೂ ಒಪ್ಪಿಸಿಲ್ಲ. ಒಪ್ಪಿಸುವುದೂ ಇಲ್ಲ.