ಎರಡೂವರೆ ಗಂಟೆಯ ಅಹ್ತಿ

ಅಹ್ತಿ ರಿಂತಾಲಾನ ಮೈಗೆ ಸುಳ್ಳು ಒಗ್ಗುತ್ತಿರಲಿಲ್ಲ. ಕೆಲವರಿಗೆ ಹಾಲು ಕುಡಿದರೆ ಆಗುವುದಿಲ್ಲವಲ್ಲ, ಹಾಗೆ. ಹೆಂಡತಿ ಸಿರ್ಕಾ ಒಮ್ಮೆ ಹೊಸ ಪರದೆ ಹೇಗಿದೆ ಎಂದು ಕೇಳಿದ್ದಕ್ಕೆ ಹಳೆಯದೇ ವಾಸಿಯಿತ್ತು ಎಂದುಬಿಟ್ಟು, ಹಿಮ ಕರಗುವವರೆಗೆ ಅವಳ ಬಾಯಿಂದ ಒಂದು ಮಾತೂ ಕೇಳಲಿಲ್ಲ. ಪರದೆ ತಂದದ್ದು ನವೆಂಬರಿನಲ್ಲಿ. ಆ ವರ್ಷ ಹಿಮ ಕರಗಿದ್ದು ಮೇ ತಿಂಗಳಲ್ಲಿ.

ಅವನು ಹುಟ್ಟಿದ್ದು ಕೌಹಾವಾದಲ್ಲಿ. ಚಪಾತಿ ಲಟ್ಟಿಸುವ ಮಣೆಯಷ್ಟು ಚಪ್ಪಟೆಯಾದ ಸೀಮೆ ಅದು. ಅಲ್ಲಿ ಒಬ್ಬ ಮನೆಬಿಟ್ಟು ಹೊರಟರೆ ಮೂರು ದಿನದವರೆಗೂ ಅವನ ಬೆನ್ನು ಕಾಣಿಸುತ್ತದೆ. ಮಾತೂ ಅಷ್ಟೇ ನೇರ. ಕೆಲಸಕ್ಕೆಂದು ಬಂದು ನೆಲೆಸಿದ್ದು ಮಾತ್ರ ಕುವೋಪಿಯೊದಲ್ಲಿ. ಇಲ್ಲಿ ಗುಡ್ಡ, ಕೊಲ್ಲಿ, ನಡುಗಡ್ಡೆಗಳನ್ನು ಬಳಸಿಕೊಂಡು ದಾರಿ ಹೋದಂತೆಯೇ ಮಾತೂ ಹೋಗುತ್ತದೆ. ಮಾರುಕಟ್ಟೆ ಚೌಕದಲ್ಲಿ ಮೀನು ಇವತ್ತಿನದಾ ಎಂದು ಕೇಳಿ ನೋಡಿ. ಮಾರುವವನು ಮೊದಲು ಗಾಳಿಯ ಸಮಾಚಾರ ಹೇಳಿ, ಆಮೇಲೆ ತನ್ನ ಭಾವನ ದೋಣಿ ಸೋರುವ ಕತೆ ಹೇಳಿ, ಕೊನೆಗೆ ಮೀನಂದಮೇಲೆ ಮೀನೇ ಅಲ್ಲವೇ ಎಂದು ಪೊಟ್ಟಣ ಕಟ್ಟಿಕೊಡುತ್ತಾನೆ. ಅಹ್ತಿ ಮೂವತ್ತೊಂದು ವರ್ಷ ಇಲ್ಲಿ ಬಾಳಿದ. ಆದರೂ ಮೀನು ಇವತ್ತಿನದೋ ಅಲ್ಲವೋ ಅವನಿಗೆ ಒಂದು ಸಲವೂ ತಿಳಿಯಲಿಲ್ಲ.

ಅವನ ಕೆಲಸ ಹಾಲಿನ ಲಾರಿಗಳದ್ದು. ಅವನು ಲಾರಿ ಓಡಿಸುತ್ತಿದ್ದ ಎಂದುಕೊಳ್ಳಬೇಡಿ. ಯಾವ ಬೆಳಗ್ಗೆ ಯಾವ ಲಾರಿ ಯಾವ ಕೊಟ್ಟಿಗೆಯ ಮುಂದೆ ನಿಲ್ಲಬೇಕು ಎಂದು ಲೆಕ್ಕ ಹಾಕಿ ಹೇಳುವ ಸಾಫ್ಟ್‌ವೇರ್ ಬರೆಯುವ ಏಳು ಜನರಲ್ಲಿ ಅವನೊಬ್ಬ. ಇನ್ನೊಬ್ಬ ರೌನೊ ಹುಟ್ಟುನೆನ್, ಅಪ್ಪಟ ಕುವೋಪಿಯೊದವನು. ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿ, ಅಂದಿನಿಂದ ಎದುರುಬದುರು ಮೇಜಿನಲ್ಲಿ ಕೂತವರು. ಅಹ್ತಿ ಹಿಂದೊಮ್ಮೆ ಒಂದು ಅಲ್ಪವಿರಾಮ ತಪ್ಪಾಗಿ ಹಾಕಿದ ದಿನ ನಾನೂರು ಹಸುಗಳು ಕೆಚ್ಚಲು ತುಂಬಿಕೊಂಡು ಒಟ್ಟಿಗೆ ಕೂಗಿದ್ದು ಸ್ವೀಡನ್ನಿಗೂ ಕೇಳಿಸಿತು, ಅಲ್ಲಿಯ ಅರಮನೆಯಿಂದ ವಿಚಾರಿಸಿ ಫೋನು ಬಂತು ಎಂದು ರೌನೊ ಬಂದಬಂದವರಿಗೆಲ್ಲ ಹೇಳುತ್ತಿದ್ದ. ಫೋನಿನ ವಿಷಯ ಸುಳ್ಳು. ಹಸುಗಳ ವಿಷಯ ನಿಜ.

ಈ ತಂಡಕ್ಕೆ ಒಂದು ಕಟ್ಟಳೆಯಿತ್ತು. ಬೆಳಗ್ಗೆ ಎಂಟರಿಂದ ಹತ್ತೂವರೆವರೆಗೆ ಮೌನ. ಮೀಟಿಂಗ್ ಇಲ್ಲ, ಫೋನ್ ಇಲ್ಲ, ತಿರುಗಿ ನೋಡುವುದೂ ಇಲ್ಲ. ಸಿರ್ಕಾ ಏಳು ಬೂದು ಉಣ್ಣೆಯ ಕಾಲುಚೀಲ ಹೆಣೆದುಕೊಟ್ಟಿದ್ದಳು, ತಲೆಗೆ ಒಂದರಂತೆ. ಎಂಟಕ್ಕೆ ಬಂದವರು ಅದನ್ನು ತಮ್ಮ ಮೇಜುದೀಪದ ಕತ್ತಿಗೆ ನೇತುಹಾಕಬೇಕು. ಕಾಲುಚೀಲ ನೇತಾಡುತ್ತಿರುವಷ್ಟು ಹೊತ್ತು ಆ ಮನುಷ್ಯ ಸತ್ತಂತೆ ಲೆಕ್ಕ. ಒಮ್ಮೆ ಬೆಂಕಿಯ ಗಂಟೆ ಬಾರಿಸಿ ಇಡೀ ಕಟ್ಟಡ ಖಾಲಿಯಾದರೂ ಈ ಏಳು ಜನ ಎದ್ದಿರಲಿಲ್ಲ. ಅಗ್ನಿಶಾಮಕದವನು ಬಂದು, ಕಾಲುಚೀಲ ನೋಡಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ. ಹತ್ತೂವರೆಗೆ ಕಾಲುಚೀಲ ಇಳಿಯುತ್ತಿತ್ತು, ಕಾಫಿ ಏರುತ್ತಿತ್ತು. ಮುಂದಿನ ಹೊತ್ತೆಲ್ಲ ಪತ್ರಗಳಿಗೆ ಉತ್ತರ, ಮೀಟಿಂಗು, ಏಲಕ್ಕಿ ಬನ್ನು. ಆ ಎರಡೂವರೆ ಗಂಟೆಯೇ ಅಹ್ತಿಯ ಬದುಕಿನ ಕೆನೆ. ಅದನ್ನು ಬಿಟ್ಟು ಇನ್ನೇನನ್ನು ಕಿತ್ತುಕೊಂಡರೂ ಅವನು ಅಷ್ಟಾಗಿ ಬೇಸರ ಪಡುತ್ತಿರಲಿಲ್ಲವೇನೋ, ಸಂಬಳವನ್ನು ಕೂಡ.

ಅವನಿಗೆ ಇನ್ನೊಂದು ಚಟವಿತ್ತು. ಜಗತ್ತಿನ ಪ್ರೋಗ್ರಾಮರುಗಳನ್ನೆಲ್ಲ ಅವರ ಕೆಲಸದ ಬಗ್ಗೆ ಪ್ರಶ್ನೆ ಕೇಳುವ ಆನ್‌ಲೈನ್ ಸಮೀಕ್ಷೆಗಳು ವರ್ಷಕ್ಕೊಮ್ಮೆ ಬರುತ್ತವಲ್ಲ, ಉಳಿದವರು ಅವನ್ನು ನಾಲ್ಕು ನಿಮಿಷದಲ್ಲಿ ಗೀಚಿ ಮುಗಿಸಿದರೆ ಅಹ್ತಿಗೆ ಮೂರು ದಿನ ಬೇಕು. ಎಲ್ಲ ಪ್ರಶ್ನೆಗಳ ಕೊನೆಯಲ್ಲಿ 'ಬೇರೆ ಏನಾದರೂ ಹೇಳುವುದಿದೆಯೇ' ಎಂಬ ಖಾಲಿ ಪೆಟ್ಟಿಗೆಯಿರುತ್ತದೆ. ಭೂಮಿಯ ಮೇಲೆ ಅದನ್ನು ಅಂಚಿನವರೆಗೆ ತುಂಬುತ್ತಿದ್ದವನು ಅವನೊಬ್ಬನೇ ಇರಬೇಕು. ಎಲ್ಲೋ ಯಾರೋ ಕೂತು ಅದನ್ನು ಓದುತ್ತಾರೆ ಎಂದು ಅವನ ನಂಬಿಕೆ. ದಿನಕ್ಕೆ ಎಷ್ಟು ಗಂಟೆ ನಿಜವಾಗಿ ಕೋಡ್ ಬರೆಯುತ್ತೀರಿ ಎಂದು ಒಂದು ವರ್ಷ ಕೇಳಿದ್ದರು. ಅಹ್ತಿ ಅಡುಗೆಮನೆಯಿಂದ ಮೊಟ್ಟೆ ಬೇಯಿಸುವ ಗಡಿಯಾರ ತಂದಿಟ್ಟುಕೊಂಡು ಹನ್ನೊಂದು ವಾರ ಅಳೆದ. ಸರಾಸರಿ ಎರಡು ಗಂಟೆ ಮೂವತ್ತೊಂದು ನಿಮಿಷ ಬಂತು. ಸಮೀಕ್ಷೆಯಲ್ಲಿ ಎರಡೂವರೆ ಎಂದು ಬರೆದು, ಬಿಟ್ಟುಹೋದ ಒಂದು ನಿಮಿಷಕ್ಕಾಗಿ ಪೆಟ್ಟಿಗೆಯಲ್ಲಿ ಕ್ಷಮೆ ಕೇಳಿದ. ಆ ಹನ್ನೊಂದು ವಾರವೂ ಮನೆಯಲ್ಲಿ ಮೊಟ್ಟೆ ಕಲ್ಲಾಗಿ ಬೆಂದವು.

ಹೋದ ವರ್ಷ ಕಂಪನಿಯನ್ನು ಹೆಲ್ಸಿಂಕಿಯವರು ಕೊಂಡರು. ಅಲ್ಲಿಂದ ವಿಲ್ಮಾ ಎಂಬ ಹೊಸ ಮೇಲಧಿಕಾರಿ ಬಂದಳು. ಮೂವತ್ತರ ಆಸುಪಾಸು, ಚುರುಕು, ಕೆಟ್ಟವಳಲ್ಲ. ಮೊದಲ ದಿನ ಬೆಳಗ್ಗೆ ಎಂಟೂವರೆಗೆ ಒಳಗೆ ಬಂದು ಎಲ್ಲರಿಗೂ ನಮಸ್ಕಾರ ಹೇಳಿ, ಏಳು ಕಾಲುಚೀಲಗಳ ಎದುರು ಹತ್ತು ನಿಮಿಷ ನಿಂತು, ತಿರುಗಿಹೋದಳು. ಬೇರೆ ಊರಿನ ತಂಡಗಳ ಜೊತೆ ಬೆಳಗಿನ ಹೊತ್ತೇ ಮೀಟಿಂಗ್ ಇಡಬೇಕೆಂದು ಮೇಲಿನವರ ಇಷ್ಟ ಎಂದು ಆಮೇಲೆ ಕಾಫಿಯ ಹೊತ್ತಿನಲ್ಲಿ ತಿಳಿಸಿದಳು. ಆದರೆ ತಾನು ಅಂದಾಜಿನ ಮೇಲೆ ಏನನ್ನೂ ತೀರ್ಮಾನಿಸುವವಳಲ್ಲ. ನಮ್ಮದೇ ಒಂದು ಸಮೀಕ್ಷೆ ಮಾಡೋಣ, ದಿನದಲ್ಲಿ ಎಷ್ಟು ಗಂಟೆ ಕೆಲಸ ನಿಜವಾಗಿ ಸಾಗುತ್ತದೆ ಎಂದು ಎಲ್ಲರೂ ಬರೆಯಿರಿ, ಹೆಸರು ಬೇಡ, ಅಂಕಿ ನೋಡಿ ಮುಂದಿನದು ಎಂದಳು.

ಅಹ್ತಿಯ ಎದೆ ಹಗುರವಾಯಿತು. ಅಂಕಿಗಿಂತ ದೊಡ್ಡ ಸಾಕ್ಷಿ ಬೇಕೇ? ಏಳೂ ಜನ ಎರಡೂವರೆ ಎಂದು ಬರೆದರೆ, ಈ ಮನೆಯ ಕೆಲಸವೆಲ್ಲ ನಡೆಯುವುದು ಬೆಳಗಿನ ಮೌನದಲ್ಲಿ, ಅದನ್ನು ಮುಟ್ಟಬಾರದು ಎಂದು ಎಂಥವರಿಗೂ ತಿಳಿಯುತ್ತದೆ.

ಆ ಗುರುವಾರ ಸಂಜೆ ಕಟ್ಟಡದ ನೆಲಮಾಳಿಗೆಯ ಸೌನಾದಲ್ಲಿ, ಅಂದರೆ ಮರದ ಹಬೆಕೋಣೆಯಲ್ಲಿ, ಏಳೂ ಜನ ಬೆವರುತ್ತ ಕೂತಿದ್ದರು. ಗುರುವಾರದ ಸೌನಾ ಅವರಿಗೆ ಕಾಲುಚೀಲದಷ್ಟೇ ಹಳೆಯ ವಾಡಿಕೆ. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಒಳಗೆ ಸುಳ್ಳು ಬರುವುದಿಲ್ಲ. ಬಟ್ಟೆಯೇ ಇಲ್ಲದ ಮೇಲೆ ಬಚ್ಚಿಡುವುದಾದರೂ ಎಲ್ಲಿ? ಮಾತು ತೆಗೆದವನು ರೌನೊ.

"ನೋಡ್ರಪ್ಪ, ಇದು ನಮ್ಮ ಬೆಳಗಿನ ಪ್ರಶ್ನೆ. ಒಬ್ಬ ಜಾಸ್ತಿ ಬರೆದ್ರೂ ಎಲ್ಲರಿಗೂ ಕುತ್ತು. ಎಲ್ಲರೂ ಇದ್ದದ್ದು ಇದ್ದ ಹಾಗೆ ಬರೀಬೇಕು. ಒಪ್ಪಿದವರು ಒಂದೊಂದು ಸೌಟು ನೀರು ಹಾಕಿ."

ಹೇಳಿ ತಾನೇ ಮೊದಲ ಸೌಟು ನೀರನ್ನು ಕಾದ ಕಲ್ಲಿನ ಮೇಲೆ ಹೊಯ್ದು "ಎರಡೂವರೆ" ಎಂದ. ಸೌಟು ಕೈಯಿಂದ ಕೈಗೆ ಹೋಯಿತು. ಎರಡೂವರೆ, ಎರಡೂವರೆ ಎಂದು ಏಳು ಸಲ ಕಲ್ಲು ಬುಸುಗುಟ್ಟಿತು. ಹಬೆಯಲ್ಲಿ ಯಾರ ಮುಖವೂ ಕಾಣದಷ್ಟಾಯಿತು. ಕಡೆಯ ಸೌಟು ಅಹ್ತಿಯದು. ಅವನು ಎರಡು ಗಂಟೆ ಮೂವತ್ತೊಂದು ನಿಮಿಷ ಎಂದ.

"ಆ ಒಂದ್ ನಿಮಿಷ ಬಿಟ್ಟಾಕೋ ಮಾರಾಯ, ಕಿವಿ ಸುಡ್ತಿದೆ" ಎಂದ ರೌನೊ. ಎಲ್ಲರೂ ನಕ್ಕರು. ಆ ದಿನದ ಬಿಯರಿನಷ್ಟು ತಂಪಾದ ಬಿಯರನ್ನು ಅಹ್ತಿ ಹಿಂದೆ ಕುಡಿದಿರಲಿಲ್ಲ.

ಎರಡು ವಾರದ ಮೇಲೆ ವಿಲ್ಮಾ ಎಲ್ಲರನ್ನೂ ಕರೆದು ಗೋಡೆಯ ಮೇಲೆ ಫಲಿತಾಂಶ ಬೆಳಗಿಸಿದಳು. ಏಳು ಕಂಬಗಳ ಚಿತ್ರ. ಆರು ಕಂಬ ಬರ್ಚ್ ಮರಗಳಂತೆ ಚಾವಣಿ ಮುಟ್ಟಿದ್ದವು: ಏಳು ಗಂಟೆ, ಏಳೂವರೆ, ಏಳು, ಆರೂಮುಕ್ಕಾಲು, ಏಳೂವರೆ, ಎಂಟು. ಅವುಗಳ ಬುಡದಲ್ಲಿ ಒಂದು ಅಣಬೆ. ಎರಡೂವರೆ.

ಅಹ್ತಿ ಮೊದಲು ಕನ್ನಡಕ ಒರೆಸಿಕೊಂಡ. ಆಮೇಲೆ ಇದು ಲೆಕ್ಕದ ತಪ್ಪಿರಬೇಕು ಎಂದುಕೊಂಡ. ಜೀವನವಿಡೀ ತಪ್ಪು ಹುಡುಕಿದವನ ಅಭ್ಯಾಸ. ಸಂಖ್ಯೆಯ ಚುಕ್ಕೆ ಎಲ್ಲಾದರೂ ಜಾರಿದೆಯೇ, ಕಾಲಂ ಅದಲುಬದಲಾಗಿದೆಯೇ ಎಂದು ಮನಸ್ಸಿನಲ್ಲೇ ಮೂರು ದಾರಿ ಹುಡುಕಿದ. ಮೂರೂ ಮುಚ್ಚಿದ್ದವು. ಆಗ ತಲೆಯೆತ್ತಿ ಸುತ್ತ ನೋಡಿದ. ಒಬ್ಬ ಕಿಟಕಿಯಾಚೆ ಕಲ್ಲಾವೆಸಿ ಸರೋವರವನ್ನು ಈಗಷ್ಟೇ ಯಾರೋ ತಂದಿಟ್ಟರು ಎಂಬಂತೆ ನೋಡುತ್ತಿದ್ದ. ಇನ್ನೊಬ್ಬ ತನ್ನ ಷೂ ದಾರ ಬಿಚ್ಚಿ ಕಟ್ಟುತ್ತಿದ್ದ. ರೌನೊ ಕಾಫಿ ಲೋಟದೊಳಗೆ ಮುಖವಿಟ್ಟು ಕೂತಿದ್ದ. ಇನ್ನೊಂದು ಬೆರಳಿನಷ್ಟು ಬಾಗಿದ್ದರೆ ಮುಳುಗಿ ಸಾಯುತ್ತಿದ್ದ.

ವಿಲ್ಮಾ ಸಂತೋಷದಿಂದ ವಿವರಿಸಿದಳು. ಇಷ್ಟು ದುಡಿಯುವ ತಂಡವನ್ನು ತಾನು ಕಂಡಿಲ್ಲವೆಂದಳು. ದಿನವಿಡೀ ಕೆಲಸ ಹೀಗೆ ಸಮನಾಗಿ ಸಾಗುತ್ತಿರುವಾಗ ಬೆಳಗಿನ ಹೊತ್ತಿಗೇನೂ ವಿಶೇಷವಿಲ್ಲವಾದ್ದರಿಂದ, ಸೋಮವಾರದಿಂದ ಎಂಟೂವರೆಗೊಂದು, ಹತ್ತಕ್ಕೊಂದು ಮೀಟಿಂಗ್ ಇಡಬಹುದು. ಇನ್ನು ಆ ಚಿಕ್ಕ ಕಂಬ ಯಾರದೆಂದು ತಾನು ಕೇಳುವುದಿಲ್ಲ. ಅವರಿಗೆ ಏನೋ ಕಷ್ಟವಿರಬೇಕು, ಬಂದು ಹೇಳಿಕೊಂಡರೆ ಸಹಾಯ ಮಾಡೋಣ.

ಅಹ್ತಿ ಕಾದ. ಆರರಲ್ಲಿ ಒಬ್ಬನಾದರೂ ಬಾಯಿ ಬಿಟ್ಟಾನು, ಬೇರೆಯವರು ಬಿಡದಿದ್ದರೂ ರೌನೊ ಬಿಟ್ಟಾನು ಎಂದು ಕಾದ. ಗೋಡೆಯ ಗಡಿಯಾರ ಅಷ್ಟು ನಿಧಾನ ನಡೆದದ್ದು ಆ ಕಟ್ಟಡ ಕಟ್ಟಿದ ಮೇಲೆ ಅದೇ ಮೊದಲು. ಕಡೆಗೆ ಎದ್ದು ನಿಂತ.

"ಆ ಗಿಡ್ಡದ್ದು ನಂದು."

ವಿಲ್ಮಾ ಮರುಕದಿಂದ ತಲೆದೂಗಿ, ಹೇಳಿಕೊಂಡದ್ದು ಒಳ್ಳೆಯದಾಯಿತು ಎಂದಳು.

"ನಂಗೆ ಕಷ್ಟ ಗಿಷ್ಟ ಏನಿಲ್ಲಮ್ಮ. ಗಡಿಯಾರ ಇಟ್ಟು ಅಳೆದಿದ್ದೀನಿ" ಎಂದು ಅಹ್ತಿ ರೌನೊನ ಕಡೆ ತಿರುಗಿದ. "ರೌನೊ, ಅವತ್ತು ಮೊದಲ್ನೇ ಸೌಟು ನೀರು ಹಾಕಿದ್ದು ಯಾರು?"

ರೌನೊ ಲೋಟದಿಂದ ಮುಖ ತೆಗೆಯಲಿಲ್ಲ. "ಕಾಫಿ ಆರೋಗ್ತಿದೆ ಕಣೋ, ಕೂತ್ಕೋ" ಎಂದ.

ಅಹ್ತಿ ಕೂತ. ಮಾಡಬೇಕಾದ್ದು ಇನ್ನೇನೂ ಉಳಿದಿರಲಿಲ್ಲ. ಅವನ ಪಟ್ಟಿಗೆ ವಾರಕ್ಕೊಮ್ಮೆ ಒಬ್ಬ ಸಲಹೆಗಾರನ ಭೇಟಿ ಸೇರಿತು. ಕೆಲಸದಲ್ಲಿ ಮನಸ್ಸು ನಿಲ್ಲಿಸುವುದು ಹೇಗೆಂದು ಆತ ಫೋನಿನ ಪರದೆಯಿಂದ ಕಲಿಸಿಕೊಡುತ್ತಾನಂತೆ, ಬೆಳಗ್ಗೆ ಒಂಬತ್ತಕ್ಕೆ.

ಆ ಗುರುವಾರ ಅಹ್ತಿ ಸೌನಾಕ್ಕೆ ಹೋದ. ಅವನು ಬರುವುದಿಲ್ಲವೆಂದು ಎಣಿಸಿದ್ದರಿಂದ ಆರೂ ಜನ ನಿಶ್ಚಿಂತೆಯಾಗಿ ಬಂದು ಕೂತಿದ್ದರು. ಅವನು ಸೌಟು ತೆಗೆದುಕೊಂಡು ಕಲ್ಲಿಗೆ ನೀರು ಹಾಕಿದ. ಇನ್ನೊಂದು ಹಾಕಿದ. ಬಿಸಿ ಏರುತ್ತ ಹೋಯಿತು. ಮೂರನೆಯದಕ್ಕೆ ಒಬ್ಬ ಬಾಯಾರಿಕೆಯೆಂದು ಎದ್ದ. ಐದನೆಯದಕ್ಕೆ ಇಬ್ಬರಿಗೆ ಮನೆಯ ನೆನಪಾಯಿತು. ಒಂಬತ್ತನೆಯ ಸೌಟಿನ ಹೊತ್ತಿಗೆ ಇನ್ನಿಬ್ಬರು ಎದ್ದುಹೋಗಿ, ಗೋಡೆಯ ಹಲಗೆಗಳು ತಾವೂ ಹೊರಗೆ ಹೋಗುತ್ತೇವೆ ಎನ್ನುತ್ತಿದ್ದವು. ಉಳಿದವರು ಅಹ್ತಿ ಮತ್ತು ರೌನೊ ಇಬ್ಬರೇ.

ರೌನೊ ಮೊಣಕಾಲು ನೋಡುತ್ತ ಹೇಳಿದ. "ಎರಡೂವರೆ ಅಂತಾನೇ ಬರೆದಿದ್ದೆ ಕಣೋ, ನಿನ್ನಾಣೆ. ಆಮೇಲನ್ನಿಸ್ತು, ಎಲ್ಲರೂ ಎರಡೂವರೆ ಬರೆದಾಗ ಒಬ್ಬನದು ನಾಲ್ಕಿದ್ರೆ ಯಾರಿಗೇನು ನಷ್ಟ ಅಂತ. ನಾಲ್ಕು ಮಾಡಿದೆ. ಆಮೇಲೆ, ಉಳಿದವರೂ ಹೀಗೇ ಯೋಚಿಸಿರ್ತಾರೆ, ಎಲ್ಲರಿಗಿಂತ ಕಮ್ಮಿ ನಂದೇ ಆಗ್ಬಾರ್ದು ಅನ್ನಿಸ್ತು. ಆರು ಮಾಡಿದೆ. ಹೀಗೇ ಏರಿಸ್ತಾ ಏರಿಸ್ತಾ..."

"ಎಂಟು ನಿಂದು."

ರೌನೊ ಮೊಣಕಾಲಿನ ಬೆವರು ಒರೆಸಿಕೊಂಡ.

"ಉಳಿದವರೆಲ್ಲ ಹೀಗೇ ಯೋಚಿಸ್ತಾರೆ ಅಂದ್ಕೊಂಡೆ ಅಂದ್ಯಲ್ಲ" ಎಂದ ಅಹ್ತಿ. "ಅದರಲ್ಲಿ ನಾನೂ ಇದ್ನಾ?"

ಬಳಸಿಕೊಂಡು ಹೋಗಲು ರೌನೊಗೆ ಗುಡ್ಡವಾಗಲಿ ಕೊಲ್ಲಿಯಾಗಲಿ ಸಿಕ್ಕಲಿಲ್ಲ. "ಇಲ್ಲ" ಎಂದ. "ನೀನು ಸರಿಯಾಗೇ ಬರೀತೀಯ ಅಂತ ಗೊತ್ತಿತ್ತು."

ಮೂವತ್ತೊಂದು ವರ್ಷದಲ್ಲಿ ರೌನೊ ಕೊಟ್ಟ ಮೊದಲ ನೇರ ಉತ್ತರ ಅದು. ಅಹ್ತಿ ಬಕೆಟ್ಟಿನಲ್ಲಿ ಉಳಿದ ನೀರನ್ನು ಪೂರ್ತಿ ಕಲ್ಲಿನ ಮೇಲೆ ಸುರಿದು ಎದ್ದುಹೋದ.

ಸೋಮವಾರ ಎಂಟಕ್ಕೆ ಅವನು ಮೇಜಿನಿಂದ ಮೇಜಿಗೆ ನಡೆದು ದೀಪಗಳ ಕತ್ತಿನಿಂದ ಕಾಲುಚೀಲಗಳನ್ನು ಬಿಡಿಸಿಕೊಂಡ. ರೌನೊ ಮಾತ್ರ ತನ್ನದನ್ನು ತಾನೇ ಬಿಚ್ಚಿ, ನೀಟಾಗಿ ಮಡಚಿ ಕೊಟ್ಟ. ಎಂಟೂವರೆಯ ಮೀಟಿಂಗನ್ನು ನಡೆಸುವ ಹೊಣೆ ಅವನಿಗೇ ಬಂದಿತ್ತು, ಅತಿ ಎತ್ತರದ ಕಂಬದ ಒಡೆಯ ತಾನೆಂದು ಅವನೇ ವಿಲ್ಮಾಳಿಗೆ ತಿಳಿಸಿದ್ದನಂತೆ. ಮನೆಯಲ್ಲಿ ಸಿರ್ಕಾ ಏಳನ್ನೂ ಒಗೆದು ಒಣಗಿಸಿದಳು. ಮೂರು ಜೊತೆಯಾದವು, ಒಂದು ಒಂಟಿ ಉಳಿಯಿತು.

"ಇದಕ್ಕೊಂದು ಜೊತೆ ಹೆಣೀಲಾ?" ಎಂದು ಕೇಳಿದಳು.

ಬೇಡವೆಂದ ಅಹ್ತಿ. ಪರದೆಯ ವಿಷಯದಲ್ಲಿ ಆರು ತಿಂಗಳು ಮಾತು ಬಿಟ್ಟವಳು ಈ ವಿಷಯದಲ್ಲಿ ಮರುಮಾತಾಡದೆ ಕಾಫಿಗೆ ಇಟ್ಟಳು.

ಮೇ ತಿಂಗಳಿಗೆ ಜಾಗತಿಕ ಸಮೀಕ್ಷೆ ಎಂದಿನಂತೆ ಬಂತು. ಅಹ್ತಿ ಮೊಟ್ಟೆಯ ಗಡಿಯಾರ ತೆಗೆದು ಮತ್ತೆ ಹನ್ನೊಂದು ವಾರ ಅಳೆದಿಟ್ಟಿದ್ದ. ದಿನಕ್ಕೆ ಎಷ್ಟು ಹೊತ್ತು ನಿಜವಾದ ಕೆಲಸ ಎಂಬಲ್ಲಿ ನಲವತ್ತು ನಿಮಿಷ ಎಂದು ಬರೆದ. ಉಳಿದ ಪ್ರಶ್ನೆಗಳಿಗೂ ಒಂದೊಂದಾಗಿ, ಇದ್ದದ್ದನ್ನು ಇದ್ದಂತೆ ಉತ್ತರಿಸಿದ. ಮೂರು ದಿನದ ಕೆಲಸ ಈ ಸಲ ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಕೊನೆಯಲ್ಲಿ ಆ ಪೆಟ್ಟಿಗೆ ಬಂತು, ಬೇರೆ ಏನಾದರೂ ಹೇಳುವುದಿದೆಯೇ ಎಂದು. ಅವನು ಅದರೊಳಗೆ ಒಮ್ಮೆ ಕ್ಲಿಕ್ ಮಾಡಿ, ಮಿಣಕುವ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅದನ್ನು ಖಾಲಿ ಬಿಟ್ಟು ಕಳಿಸಿದ.